ಜೆರುಸಲೇಮ್ ಯಾತ್ರೆಗೆ ನಕ್ಷೆಗಿಂತ ಮೊದಲು ಗಡಿಯಾರ

ಜೆರುಸಲೇಮಿನ ಹಳೇ ಪಟ್ಟಣ ಪೂರ್ತಿ ಸುತ್ತಿದರೂ ಒಂದು ಚದರ ಕಿಲೋಮೀಟರ್ ಆಗುವುದಿಲ್ಲ. ನಕ್ಷೆ ಹಿಡಿದು ನೋಡಿದವರಿಗೆ ಎಲ್ಲವೂ ಪಕ್ಕಪಕ್ಕದಲ್ಲೇ ಕಾಣುತ್ತದೆ. ಯೇಸುವಿನ ಸಮಾಧಿಯಿಂದ ಯೆಹೂದ್ಯರ ಪಶ್ಚಿಮ ಗೋಡೆಗೆ ಹತ್ತು ನಿಮಿಷದ ನಡಿಗೆ, ಅಲ್ಲಿಂದ ಯೇಸು ಸೆರೆಯಾಗುವ ಮೊದಲು ಪ್ರಾರ್ಥಿಸಿದ ಗೆತ್ಸೆಮನೆ ತೋಟಕ್ಕೆ ಇನ್ನೊಂದಿಷ್ಟು. ಹಾಗಾಗಿ ಒಂದೂವರೆ ದಿನದಲ್ಲಿ ಎಲ್ಲ ಮುಗಿಸಿಬಿಡಬಹುದು ಎಂಬ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ತಪ್ಪುವುದು ದೂರದಿಂದಲ್ಲ, ಬಾಗಿಲುಗಳಿಂದ. ಯಾವ ಬಾಗಿಲು ಯಾವ ವಾರ, ಯಾವ ಹೊತ್ತಿನಲ್ಲಿ ತೆರೆದಿರುತ್ತದೆ ಎಂದು ತಿಳಿಯದೆ ಹೋದರೆ ಅರ್ಧ ಯಾತ್ರೆ ಬೀಗ ನೋಡುವುದರಲ್ಲೇ ಕಳೆಯುತ್ತದೆ.

ವಾರದಿಂದಲೇ ಶುರುಮಾಡೋಣ. ಶುಕ್ರವಾರ ಮುಸ್ಲಿಮರದು, ಶನಿವಾರ ಯೆಹೂದ್ಯರದು, ಭಾನುವಾರ ಕ್ರೈಸ್ತರದು. ಮೂರೂ ಒಂದೇ ಊರಿನ ವಾರದ ಕೊನೆ. ಶುಕ್ರವಾರ ಮಧ್ಯಾಹ್ನ ದಾಟುತ್ತಿದ್ದಂತೆ ಇಸ್ರೇಲಿನ ಬಸ್ಸು, ಜೆರುಸಲೇಮಿನ ಟ್ರಾಮು, ವಿಮಾನ ನಿಲ್ದಾಣದ ರೈಲು ಒಂದೊಂದಾಗಿ ನಿಲ್ಲುತ್ತವೆ. ಮತ್ತೆ ಹೊರಡುವುದು ಶನಿವಾರ ಕತ್ತಲಾದ ಮೇಲೆ. ಶುಕ್ರವಾರ ಸಂಜೆ ವಿಮಾನ ಇಳಿಯುವ ಟಿಕೆಟ್ ಅಗ್ಗಕ್ಕೆ ಸಿಕ್ಕಿತೆಂದು ಖುಷಿಪಟ್ಟವರು ಆ ಉಳಿತಾಯವನ್ನು ಟ್ಯಾಕ್ಸಿಗೆ ಕೊಟ್ಟು ಬರುತ್ತಾರೆ. ಪೂರ್ವ ಜೆರುಸಲೇಮಿನ ಡಮಾಸ್ಕಸ್ ಬಾಗಿಲ ಬಳಿಯ ಅರಬ್ ಬಸ್ಸುಗಳಿಗೆ ಮಾತ್ರ ಸಬ್ಬತ್, ಅಂದರೆ ಯೆಹೂದ್ಯರ ಈ ವಿಶ್ರಾಂತಿಯ ದಿನ, ಇಲ್ಲ. ಆದ್ದರಿಂದ ಶನಿವಾರ ಯೇಸು ಹುಟ್ಟಿದ ಊರಾದ ಬೆತ್ಲೆಹೇಮಿಗೆ ಇಟ್ಟುಕೊಳ್ಳಲು ಒಳ್ಳೆಯ ದಿನ. ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದರೆ ಆರಾಧನೆ ನಡೆಯುತ್ತಿರುತ್ತದೆ, ಜನನದ ಗವಿಗೆ ಪ್ರವಾಸಿಗರನ್ನು ಬಿಡುವುದಿಲ್ಲ.

ವಾರ ಸರಿಹೋಯಿತು ಅಂದುಕೊಂಡರೆ ಮಧ್ಯಾಹ್ನ ಇದೆ. ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಸುಪರ್ದಿಯಲ್ಲಿರುವ ಬಹಳಷ್ಟು ಗುಡಿಗಳು ಹನ್ನೆರಡಕ್ಕೆ, ಕೆಲವು ಹನ್ನೆರಡಕ್ಕೆ ಕಾಲು ಗಂಟೆ ಇರುವಾಗಲೇ ಮುಚ್ಚಿ, ಎರಡು ಅಥವಾ ಎರಡೂವರೆಗೆ ತೆರೆಯುತ್ತವೆ. ಗೆತ್ಸೆಮನೆಯ ಚರ್ಚು, ಅದರ ಮೇಲಿನ, ಯೇಸು ಪಟ್ಟಣ ನೋಡಿ ಅತ್ತ ನೆನಪಿನ ದೋಮಿನುಸ್ ಫ್ಲೇವಿತ್ ಗುಡಿ, ಉತ್ತರದ ಗಲಿಲಾಯದಲ್ಲಿ ಯೇಸು ಉಪದೇಶ ಮಾಡಿದ ಅಷ್ಟಭಾಗ್ಯಗಳ ಬೆಟ್ಟ ಎಲ್ಲ ಈ ಗುಂಪಿಗೆ ಸೇರಿದವು. ಬೆಳಗಿನ ಉಪಾಹಾರ ನಿಧಾನವಾಗಿ ಮುಗಿಸಿ ಹತ್ತೂವರೆಗೆ ಹೊರಡುವವರ ಪಾಲಿಗೆ ಉಳಿಯುವುದು ಒಂದೇ ಗುಡಿ. ಮಧ್ಯಾಹ್ನವೂ ತೆರೆದಿರುವ ಜಾಗಗಳನ್ನು ಆ ಎರಡು ಗಂಟೆಗೆ ಹೊಂದಿಸಿಡಬೇಕು. ಯೇಸುವಿನ ಸಮಾಧಿಯಿರುವ ಪವಿತ್ರ ಸಮಾಧಿಯ ಚರ್ಚು, ಪಶ್ಚಿಮ ಗೋಡೆ, ಗಲಿಲಾಯದ ಕೆರೆದಡದ ಹಳೇ ಊರು ಕಪೆರ್ನೌಮ್ ಮಧ್ಯಾಹ್ನ ಮುಚ್ಚುವುದಿಲ್ಲ.

ಇನ್ನೊಂದು ಗಡಿಯಾರ ಬಹಳ ಜನರಿಗೆ ಗೊತ್ತಿಲ್ಲ. ಇಸ್ರೇಲಿನಲ್ಲಿ ಬೇಸಿಗೆ ಬಂತೆಂದರೆ ಗಡಿಯಾರವನ್ನು ಒಂದು ಗಂಟೆ ಮುಂದೆ ತಿರುಗಿಸುತ್ತಾರೆ. ಪವಿತ್ರ ಸಮಾಧಿಯ ಚರ್ಚು ತಿರುಗಿಸುವುದಿಲ್ಲ. ಅಲ್ಲಿ ಯಾವ ಪಂಗಡ ಎಲ್ಲಿ ನಿಲ್ಲಬೇಕು, ಯಾವ ದೀಪ ಯಾರು ಹಚ್ಚಬೇಕು ಎಂಬುದೆಲ್ಲ 1852ರ ಒಟ್ಟೊಮನ್ ಆಜ್ಞೆಯ ‘ಸ್ಟೇಟಸ್ ಕೋ’ (ಇದ್ದದ್ದು ಇದ್ದಂತೆ) ಪ್ರಕಾರ ನಡೆಯುತ್ತದೆ. ಅದರಲ್ಲಿ ಬೇಸಿಗೆಯ ಸಮಯ ಎಂಬುದಿಲ್ಲ, ಬದಲಾಯಿಸಬೇಕೆಂದರೆ ಎಲ್ಲರೂ ಒಪ್ಪಬೇಕು. ಹೀಗಾಗಿ ಚಳಿಗಾಲದಲ್ಲಿ ನಸುಕಿನ ನಾಲ್ಕಕ್ಕೆ ತೆರೆಯುವ ಬಾಗಿಲು ಬೇಸಿಗೆಯಲ್ಲಿ ನಿಮ್ಮ ಕೈಗಡಿಯಾರದ ಐದಕ್ಕೆ ತೆರೆಯುತ್ತದೆ. ಯೇಸು ಶಿಲುಬೆ ಹೊತ್ತು ನಡೆದ ದಾರಿಯನ್ನು ನೆನೆಯುವ ಶುಕ್ರವಾರದ ಶಿಲುಬೆಹಾದಿ ಮೆರವಣಿಗೆ ಚಳಿಗಾಲದಲ್ಲಿ ಮೂರಕ್ಕೆ, ಬೇಸಿಗೆಯಲ್ಲಿ ನಾಲ್ಕಕ್ಕೆ. ಅವರ ಲೆಕ್ಕದಲ್ಲಿ ಹೊತ್ತು ಬದಲಾಗಿಯೇ ಇಲ್ಲ. ಬೆತ್ಲೆಹೇಮಿನಲ್ಲಿ ಮತ್ತೊಂದು ತೊಡಕು: ಪ್ಯಾಲೆಸ್ತೀನಿನ ಬೇಸಿಗೆ ಸಮಯ ಶುರುವಾಗುವ, ಮುಗಿಯುವ ದಿನಗಳು ಇಸ್ರೇಲಿನದಕ್ಕಿಂತ ಬೇರೆ. ಆ ವಾರಗಳಲ್ಲಿ ಗಡಿ ದಾಟಿದ ಕೂಡಲೇ ಮೊಬೈಲು ತಾನಾಗೇ ಒಂದು ಗಂಟೆ ಜಿಗಿಯಬಹುದು. ವಾಪಸ್ ಬಸ್ಸಿಗೆ ಯಾರ ಗಂಟೆ ಎಂದು ಕೇಳಿ ಇಟ್ಟುಕೊಳ್ಳಿ.

ಈಗ ಆ ಚರ್ಚಿನೊಳಗೆ. ಗ್ರೀಕ್ ಆರ್ಥೊಡಾಕ್ಸ್, ಕ್ಯಾಥೊಲಿಕ್, ಅರ್ಮೇನಿಯನ್, ಕಾಪ್ಟಿಕ್, ಸಿರಿಯನ್, ಇಥಿಯೋಪಿಯನ್ ಹೀಗೆ ಆರು ಪಂಗಡ ಒಂದೇ ಸೂರಿನಡಿ. ಬೀಗದ ಕೈ ಮಾತ್ರ ಇವರಾರಲ್ಲೂ ಇಲ್ಲ. ಶತಮಾನಗಳಿಂದ ಅದು ಒಂದು ಮುಸ್ಲಿಂ ಮನೆತನದ ಬಳಿ ಇದೆ, ಬಾಗಿಲು ತೆರೆಯುವ ಹಕ್ಕು ಇನ್ನೊಂದು ಮುಸ್ಲಿಂ ಮನೆತನಕ್ಕೆ. ರಾತ್ರಿ ಬಾಗಿಲು ಹಾಕುವಾಗ ಹೊರಗೆ ನಿಂತು ನೋಡಬೇಕು. ಏಣಿ ಆನಿಸಿ, ಮೇಲಿನ ಬೀಗ ಹಾಕಿ, ಕೆಳಗಿಳಿದು, ಆ ಏಣಿಯನ್ನೇ ಕದದಲ್ಲಿರುವ ಪುಟ್ಟ ಕಿಂಡಿಯಿಂದ ಒಳಗಿನವರಿಗೆ ದಾಟಿಸುತ್ತಾರೆ. ಹತ್ತು ನಿಮಿಷದ ಕೆಲಸ, ಖರ್ಚಿಲ್ಲ, ಗುಂಪು ಕಟ್ಟಿಕೊಂಡು ಬಂದವರಾರೂ ಅಷ್ಟು ಹೊತ್ತು ಉಳಿದಿರುವುದಿಲ್ಲ.

ಒಳಹೊಕ್ಕ ಕೂಡಲೇ ಎದುರಿಗೆ ನೆಲದಲ್ಲಿ ಕೆಂಪು ಛಾಯೆಯ ಹಾಸುಗಲ್ಲು. ಯೇಸುವಿನ ದೇಹಕ್ಕೆ ಸುಗಂಧ ಲೇಪಿಸಿದ ಜಾಗದ ನೆನಪಿಗೆ ಇಟ್ಟದ್ದು. ಜಪಸರ, ಕರವಸ್ತ್ರ ಏನನ್ನಾದರೂ ಅದಕ್ಕೆ ಒತ್ತಿ ಎಣ್ಣೆಯ ಪರಿಮಳ ಹಿಡಿಸಿಕೊಳ್ಳುವವರ ನಡುವೆ ಮಂಡಿಯೂರಲು ಜಾಗ ಹುಡುಕಬೇಕು. ಈಗ ಕಾಣುವ ಕಲ್ಲು 1808ರ ಬೆಂಕಿಯ ನಂತರ ಹಾಕಿದ್ದು, ಅಷ್ಟು ತಿಳಿದಿದ್ದರೆ ಸಾಕು. ಹೆಚ್ಚಿನವರು ಇಲ್ಲಿಂದ ನೇರ ಜನರ ಹಿಂದೆ ಎಡಕ್ಕೆ ಸಮಾಧಿಯತ್ತ ನಡೆದುಬಿಡುತ್ತಾರೆ, ಬಲಗಡೆ ಬಾಗಿಲಿಗೆ ಅಂಟಿದಂತೇ ಇರುವ ಕಡಿದಾದ ಮೆಟ್ಟಿಲು ಕಣ್ಣಿಗೆ ಬೀಳುವುದಿಲ್ಲ. ಯೇಸುವನ್ನು ಶಿಲುಬೆಗೇರಿಸಿದ ಗೊಲ್ಗೊಥಾ ಇರುವುದು ಆ ಮೆಟ್ಟಿಲ ಮೇಲೆ. ಮೆಟ್ಟಿಲು ಎತ್ತರ, ಸವೆದಿದೆ. ಮಂಡಿನೋವಿನವರು ಹತ್ತುವುದಕ್ಕಿಂತ ಇಳಿಯುವಾಗ ಜಾಗ್ರತೆ. ಮೇಲೆ ಬಲಕ್ಕೆ ಕ್ಯಾಥೊಲಿಕರ ಪೀಠ, ಎಡಕ್ಕೆ ಗ್ರೀಕರದು. ಗ್ರೀಕ್ ಬಲಿಪೀಠದ ಕೆಳಗೆ ಲೋಹದ ಬಿಲ್ಲೆ, ನಡುವೆ ತೂತು. ಮಂಡಿಯೂರಿ, ಪೀಠದಡಿ ತಲೆ ಬಾಗಿಸಿ, ತೋಳು ಇಳಿಸಿದರೆ ಬಂಡೆ ಬೆರಳಿಗೆ ತಾಗುತ್ತದೆ. ಎದ್ದೇಳುವಾಗ ಪೀಠದ ಅಂಚಿಗೆ ತಲೆ ಬಡಿಸಿಕೊಳ್ಳುವುದು ಅಲ್ಲಿನ ಮಾಮೂಲು ದೃಶ್ಯ. ಹಿಂದಕ್ಕೆ ಸರಿದು ಆಮೇಲೆ ಏಳಿ.

ಸಮಾಧಿಯ ಮಂಟಪದ ಸಾಲು ಬೇರೆಯೇ ಕಥೆ. ಪ್ರವಾಸಿ ಬಸ್ಸುಗಳು ಬಂದಿಳಿಯುವ ಒಂಬತ್ತರಿಂದ ನಾಲ್ಕರ ತನಕ ಒಂದರಿಂದ ಎರಡು ಗಂಟೆ ಕಾಯಬೇಕಾದೀತು. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಸಾಲು ಸಣ್ಣದು, ಆದರೆ ಯಾವ ಕ್ಷಣದಲ್ಲಾದರೂ ‘ಇವತ್ತಿಗೆ ಮುಗಿಯಿತು’ ಅನ್ನುತ್ತಾರೆ. ನಸುಕು ಉತ್ತಮ, ಒಂದು ಷರತ್ತಿನೊಂದಿಗೆ: ಆ ಹೊತ್ತಿಗೆ ಪಂಗಡಗಳು ಸರದಿಯಂತೆ ಸಮಾಧಿಯೊಳಗೇ ಪೂಜೆ ನಡೆಸುತ್ತವೆ, ಅಲ್ಲಿಯವರೆಗೆ ಬೇರೆಯವರು ಹೊರಗೆ. ಕಾಯುವ ಮನಸ್ಸಿದ್ದರೆ ಆ ಕಾಯುವಿಕೆಯೇ ಚೆಂದ, ಚರ್ಚಿನಲ್ಲಿ ಹಾಡು ಬಿಟ್ಟರೆ ಬೇರೆ ಸದ್ದಿರುವುದಿಲ್ಲ. ಸಂಜೆ ನಾಲ್ಕಕ್ಕೆ, ಅಂದರೆ ಬೇಸಿಗೆಯಲ್ಲಿ ಐದಕ್ಕೆ, ಫ್ರಾನ್ಸಿಸ್ಕನ್ನರ ದಿನನಿತ್ಯದ ಮೆರವಣಿಗೆ ಹೊರಡುತ್ತದೆ. ಅದು ಸಮಾಧಿ ದಾಟುವವರೆಗೂ ಸಾಲು ನಿಂತೇ ಇರುತ್ತದೆ.

ಮಂಟಪದೊಳಗೆ ಎರಡು ಕೋಣೆ. ಮೊದಲನೆಯದು ದೇವದೂತನ ಕೋಣೆ, ಎರಡನೆಯದಕ್ಕೆ ಬಗ್ಗಿ ನುಗ್ಗಬೇಕು. ಒಳಗೆ ನಾಲ್ಕು ಜನ ಒತ್ತಿಕೊಂಡು ಮಂಡಿಯೂರುವಷ್ಟೇ ಜಾಗ, ಬಲಗಡೆ ಅಮೃತಶಿಲೆಯ ಹಾಸು. ಅರ್ಧ ನಿಮಿಷವಾಗುವಷ್ಟರಲ್ಲಿ ಹೊರಗಿನ ಸಂನ್ಯಾಸಿ ಕರೆಯಲು ಶುರುಮಾಡುತ್ತಾನೆ. ಆತನ ಮೇಲೆ ಸಿಟ್ಟಾಗಿ ಉಪಯೋಗವಿಲ್ಲ, ಹಿಂದೆ ಮುನ್ನೂರು ಜನ ನಿಂತಿದ್ದಾರೆ. ಏನು ಪ್ರಾರ್ಥಿಸಬೇಕು ಎಂದು ಸಾಲಿನಲ್ಲಿರುವಾಗಲೇ ನಿಶ್ಚಯಿಸಿಕೊಳ್ಳಿ, ಬೆನ್ನಿನ ಚೀಲ ಮೊದಲೇ ಎದೆಗೆ ತಂದುಕೊಳ್ಳಿ, ಫೋನು ಜೇಬಿನಲ್ಲಿರಲಿ. ಹೊರಬಂದವರು ಮಂಟಪದ ಹಿಂಬದಿಗೆ ಹೋಗಿ. ಅಲ್ಲಿ ಕಾಪ್ಟಿಕರ ಪುಟ್ಟ ಗುಡಿ, ಅದರ ಎದುರಿಗೆ ಮಸಿ ಹಿಡಿದ ಸಿರಿಯನ್ ಗುಡಿ. ಆ ಗುಡಿಯ ಮೂಲೆಯ ತೂತಿನಲ್ಲಿ ಬಗ್ಗಿ ನೋಡಿದರೆ ಬಂಡೆ ಕೊರೆದ ನಿಜವಾದ ಹಳೇ ಗೋರಿಗಳಿವೆ. ಅಮೃತಶಿಲೆ, ಬೆಳ್ಳಿದೀಪಗಳ ಕೆಳಗೆ ಮುಚ್ಚಿಹೋಗಿರುವ ಯೇಸುವಿನ ಕಾಲದ ಸಮಾಧಿ ಹೇಗಿದ್ದಿರಬಹುದು ಎಂಬುದು ಮಂಟಪಕ್ಕಿಂತ ಈ ಕತ್ತಲ ತೂತಿನಲ್ಲೇ ಹೆಚ್ಚು ತಿಳಿಯುತ್ತದೆ.

ಶಿಲುಬೆಹಾದಿಯ ಹದಿನಾಲ್ಕು ಸ್ಥಳಗಳಲ್ಲಿ ಒಂಬತ್ತು ಬೀದಿಯಲ್ಲಿ, ಐದು ಈ ಚರ್ಚಿನೊಳಗೆ. ಬೀದಿ ಅಂದರೆ ಸಂತೆಬೀದಿ. ಸಾಂಬಾರ ಪದಾರ್ಥ, ಬಟ್ಟೆ, ಕೈಗಾಡಿಗಳ ನಡುವೆ ಪ್ರಾರ್ಥನೆ. ಮೌನ ಬೇಕೆನ್ನುವವರು ಬೆಳಿಗ್ಗೆ ಆರಕ್ಕೆ ನಡೆಯಲಿ, ಅಂಗಡಿಗಳ ಕದ ತೆರೆದಿರುವುದಿಲ್ಲ. ದಾರಿ ಮುಚ್ಚಿದೆ, ಈ ಕಡೆ ಬನ್ನಿ ಎಂದು ಕರೆಯುವ ಹುಡುಗರನ್ನು ನಂಬಬೇಡಿ. ದಾರಿ ನಿಜವಾಗಿ ಮುಚ್ಚಿದ್ದರೆ ಪೊಲೀಸರು ನಿಂತಿರುತ್ತಾರೆ.

ಪಶ್ಚಿಮ ಗೋಡೆ ಹಗಲು ರಾತ್ರಿ ತೆರೆದಿರುತ್ತದೆ, ಶುಲ್ಕವಿಲ್ಲ, ಲೋಹಶೋಧಕ ದಾಟಿ ಹೋಗಬೇಕು. ಗೋಡೆಗೆ ಮುಖಮಾಡಿ ನಿಂತರೆ ಎಡಕ್ಕೆ ಗಂಡಸರು, ಬಲಕ್ಕೆ ಹೆಂಗಸರು. ಹೆಂಗಸರ ಭಾಗ ಚಿಕ್ಕದು, ಆದ್ದರಿಂದ ಅಲ್ಲಿ ನೂಕು ಹೆಚ್ಚು. ಕುಟುಂಬ ಬೇರೆಯಾಗುವ ಮೊದಲೇ ಮತ್ತೆ ಎಲ್ಲಿ ಸೇರುವುದೆಂದು ಮಾತಾಡಿಕೊಂಡಿರಿ. ಗಂಡಸರು ತಲೆ ಮುಚ್ಚಲೇಬೇಕು, ಟೊಪ್ಪಿ ಇಲ್ಲದವರಿಗೆ ಅಲ್ಲೇ ಇಟ್ಟಿರುತ್ತಾರೆ. ಇಲ್ಲೊಂದು ಗೊಂದಲ: ಚರ್ಚಿನಲ್ಲಿ ಗಂಡಸರು ಟೋಪಿ ತೆಗೆಯಬೇಕು, ಯೆಹೂದ್ಯರ ಜಾಗದಲ್ಲಿ ಹಾಕಬೇಕು. ಒಂದೇ ದಿನ ಎರಡೂ ಕಡೆ ಅಲೆಯುವವರು ಉಲ್ಟಾ ಮಾಡಿ ಬೈಸಿಕೊಳ್ಳುತ್ತಾರೆ. ತೋಳಿಗೆ, ಹಣೆಗೆ ಚರ್ಮದ ಪಟ್ಟಿ ಕಟ್ಟಲು ಕರೆಯುವವರು ‘ನೀವು ಯೆಹೂದ್ಯರಾ?’ ಎಂದು ಕೇಳಿದರೆ ಅಲ್ಲ ಅಂದರಾಯಿತು, ಬಿಟ್ಟುಬಿಡುತ್ತಾರೆ.

ಗೋಡೆಯ ಸಂದಿನಲ್ಲಿ ಚೀಟಿ ಇಡುವುದು ಯಾರಿಗೂ ನಿಷಿದ್ಧವಲ್ಲ. ಎದೆಯೆತ್ತರದ ಸಂದುಗಳು ತುಂಬಿ ತುಳುಕುತ್ತಿರುತ್ತವೆ. ಚೀಟಿಯನ್ನು ದಪ್ಪಗೆ ಮಡಿಸಿದರೆ ಕೈಬಿಟ್ಟ ತಕ್ಷಣ ನೆಲಕ್ಕೆ ಉದುರುತ್ತದೆ. ತೆಳ್ಳಗೆ ಸುರುಳಿ ಸುತ್ತಿ, ಕಲ್ಲಿನ ಅಂಚಿನ ಕಡೆಯ ಕಿರುಸೀಳು ಹುಡುಕಿ. ವರ್ಷಕ್ಕೆ ಎರಡು ಸಲ, ಪಸ್ಕಹಬ್ಬಕ್ಕೂ ಯೆಹೂದ್ಯರ ಹೊಸ ವರ್ಷಕ್ಕೂ ಮೊದಲು, ಎಲ್ಲವನ್ನೂ ಬಿಡಿಸಿ ಒಲಿವ್ ಬೆಟ್ಟದಲ್ಲಿ ಹೂಳುತ್ತಾರೆ. ಶುಕ್ರವಾರ ಸೂರ್ಯಾಸ್ತದ ನಂತರ ಹೋಗುವುದಾದರೆ ಅಲ್ಲಿ ಚೀಟಿ ಬರೆಯುವಂತಿಲ್ಲ. ಸಬ್ಬತ್ತಿನಲ್ಲಿ ಬರೆಯುವುದು, ಫೋಟೋ, ಫೋನು ಎಲ್ಲ ನಿಷಿದ್ಧ, ಗೋಡೆಯಿಂದ ದೂರದ ಬಯಲಿನಲ್ಲಿ ನಿಂತು ಕ್ಲಿಕ್ಕಿಸಿದರೂ ಗದರುತ್ತಾರೆ. ಆದರೂ ಹೋಗಬೇಕಾದ್ದು ಅದೇ ಸಂಜೆ, ಹಾಡು ಕುಣಿತ ನೋಡಲು. ಹಿಂದಿರುಗುವಾಗ ಭಕ್ತರು ಗೋಡೆಗೆ ಬೆನ್ನು ತೋರಿಸದೆ ಹಿಮ್ಮುಖ ಹೆಜ್ಜೆ ಇಡುತ್ತಾರೆ, ಡಿಕ್ಕಿ ಹೊಡೆಯದಂತೆ ನೋಡಿಕೊಳ್ಳಿ. ಗೋಡೆಯ ಬುಡದ ಸುರಂಗಗಳಿಗೆ ಮುಂಗಡ ಟಿಕೆಟ್ ಬೇಕು, ಹೋಗಿ ನಿಂತರೆ ಸಿಗುವುದು ಅಪರೂಪ.

ಗೋಡೆಯ ಮೇಲಿನ, ಅಲ್-ಅಕ್ಸಾ ಮಸೀದಿಯಿರುವ ದೇವಾಲಯದ ದಿಬ್ಬಕ್ಕೆ ಮುಸ್ಲಿಮೇತರರಿಗೆ ಒಂದೇ ದಾರಿ, ಮುಘ್ರಬಿ ಬಾಗಿಲು. ಭಾನುವಾರದಿಂದ ಗುರುವಾರ, ಬೆಳಗಿನ ಕೆಲವು ಗಂಟೆ ಮತ್ತು ಮಧ್ಯಾಹ್ನದ ನಮಾಜಿನ ನಂತರ ಸ್ವಲ್ಪ ಹೊತ್ತು. ಬೈಬಲು, ಶಿಲುಬೆ, ಪ್ರಾರ್ಥನಾಪುಸ್ತಕ ಚೀಲದಲ್ಲಿದ್ದರೆ ತಪಾಸಣೆಯಲ್ಲೇ ತೆಗೆದಿಡಿಸುತ್ತಾರೆ. ಅಂದು ಅವನ್ನು ಕೋಣೆಯಲ್ಲೇ ಬಿಟ್ಟು ಬನ್ನಿ.

ಒಲಿವ್ ಬೆಟ್ಟವನ್ನು ಕೆಳಗಿನಿಂದ ಹತ್ತುವುದು ಸುಮ್ಮನೆ ದಣಿವು. ಡಮಾಸ್ಕಸ್ ಬಾಗಿಲ ಬಳಿಯ ಅರಬ್ ಬಸ್ಸಿನಲ್ಲಿ ಬೆಟ್ಟದ ಮೇಲಿನ ಅತ್-ತೂರ್ ತನಕ ಹೋಗಿ, ಎಂಟು ಗಂಟೆಗೆ ಮೇಲಿನಿಂದ ಇಳಿಯಿರಿ. ಆ ಹೊತ್ತಿಗೆ ಬಿಸಿಲು ಬೆನ್ನ ಹಿಂದಿನಿಂದ ಬೀಳುತ್ತದೆ, ಎದುರಿನ ಪಟ್ಟಣ ಹೊಳೆಯುತ್ತದೆ. ಮಧ್ಯಾಹ್ನದ ಮೇಲೆ ತೆಗೆದ ಫೋಟೋಗಳಲ್ಲೆಲ್ಲ ಸೂರ್ಯ ಕಣ್ಣಿಗೆ ಹೊಡೆಯುತ್ತಾನೆ. ಇಳಿದಾರಿ ಕಡಿದು, ಕಲ್ಲು ನುಣುಪು. ಮಳೆಯಾದ ದಿನ ರಬ್ಬರ್ ತಳದ ಚಪ್ಪಲಿ ಇಲ್ಲದವರು ಜಾರುತ್ತಾರೆ. ದಾರಿಯ ಬದಿಗೆ ಯೆಹೂದ್ಯರ ಸಾವಿರಾರು ಗೋರಿ. ಅವುಗಳ ಮೇಲೆ ಹೂವಿಡುವುದಿಲ್ಲ, ಸಣ್ಣ ಕಲ್ಲಿಡುತ್ತಾರೆ, ಆ ಕಲ್ಲುಗಳನ್ನು ಎತ್ತಿ ಆಡಿಸಬೇಡಿ. ಕೆಳಗೆ ಗೆತ್ಸೆಮನೆಯ ಚರ್ಚು 1924ರದು, ಕಿಟಕಿಗಳಲ್ಲಿ ನೇರಳೆ ಗಾಜು. ಬೆಳಗಿನಲ್ಲೂ ಒಳಗೆ ಮುಸ್ಸಂಜೆ ಇದ್ದಂತಿರಲೆಂದೇ ಹಾಗೆ ಮಾಡಿದ್ದು. ಕಣ್ಣು ಹೊಂದಿಕೊಳ್ಳುವವರೆಗೆ ಬಾಗಿಲಲ್ಲೇ ಒಂದು ನಿಮಿಷ ನಿಲ್ಲಿ.

ಬೆತ್ಲೆಹೇಮಿಗೆ ಡಮಾಸ್ಕಸ್ ಬಾಗಿಲಿನಿಂದ 231ನೇ ನಂಬರ್ ಬಸ್ಸು. ಹೋಗುವಾಗ ಸಾಮಾನ್ಯವಾಗಿ ತಪಾಸಣೆಯಿಲ್ಲ, ಹಿಂದಿರುಗುವಾಗ ಠಾಣೆಯಲ್ಲಿ ಬಸ್ಸು ನಿಲ್ಲಿಸಿ ಗುರುತುಪತ್ರ ನೋಡುತ್ತಾರೆ. ಪಾಸ್‌ಪೋರ್ಟಿನ ಜೊತೆ ವಿಮಾನ ನಿಲ್ದಾಣದಲ್ಲಿ ಕೊಟ್ಟ ಪುಟ್ಟ ಪ್ರವೇಶ ಚೀಟಿಯೂ ಇರಬೇಕು. ಪಾಸ್‌ಪೋರ್ಟಿಗೆ ಈಗ ಮುದ್ರೆ ಒತ್ತುವುದಿಲ್ಲ, ನೀವು ಕಾನೂನಿನಂತೆ ಬಂದಿದ್ದೀರಿ ಎನ್ನಲು ಆ ಚೀಟಿಯೇ ಸಾಕ್ಷಿ. ಬಾಡಿಗೆ ಕಾರು ತೆಗೆದುಕೊಂಡವರು ವಿಮೆಯ ಕಾಗದ ಓದಿ. ಇಸ್ರೇಲಿನ ಬಾಡಿಗೆ ಕಾರುಗಳ ವಿಮೆ ಪ್ಯಾಲೆಸ್ತೀನಿ ಆಡಳಿತದ ಊರುಗಳಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.

ಜನನದ ಚರ್ಚಿನ ಬಾಗಿಲು ಸುಮಾರು 1.2 ಮೀಟರ್ ಎತ್ತರ, ದೊಡ್ಡವರೆಲ್ಲ ಬಗ್ಗಲೇಬೇಕು. ಗವಿಯಲ್ಲಿ ಹದಿನಾಲ್ಕು ಮೊನೆಯ ಬೆಳ್ಳಿ ನಕ್ಷತ್ರ, ಮೇಲೆ ಹದಿನೈದು ದೀಪ: ಆರು ಗ್ರೀಕರದು, ಐದು ಅರ್ಮೇನಿಯನ್ನರದು, ನಾಲ್ಕು ಕ್ಯಾಥೊಲಿಕರದು. 1847ರಲ್ಲಿ ಈ ನಕ್ಷತ್ರ ಕಾಣೆಯಾಗಿದ್ದು ಕ್ರಿಮಿಯನ್ ಯುದ್ಧಕ್ಕೆ ದಾರಿಮಾಡಿದ ಜಗಳಗಳಲ್ಲೊಂದು ಅಂದರೆ ದೀಪ ಎಣಿಸಿ ಹಂಚಿಕೊಂಡಿರುವುದರಲ್ಲಿ ಆಶ್ಚರ್ಯವಿಲ್ಲ. ಸಾಧ್ಯವಾದರೆ ಬೆತ್ಲೆಹೇಮಿನಲ್ಲಿ ಒಂದು ರಾತ್ರಿ ತಂಗಿ. ಜೆರುಸಲೇಮಿನಿಂದ ಬರುವ ಬಸ್ಸುಗಳ ಜನ ಸಂಜೆಗೆ ಖಾಲಿಯಾಗುತ್ತಾರೆ, ಬೆಳಿಗ್ಗೆ ಬೇಗ ಗವಿಯಲ್ಲಿ ನಾಲ್ಕಾರು ಜನರಷ್ಟೇ. ಒಲಿವ್ ಮರದ ಕೆತ್ತನೆ ಕೊಳ್ಳುವ ಆಸೆ ಇದ್ದರೆ ಬಸ್ಸು ತಾನಾಗೇ ನಿಲ್ಲುವ ದೊಡ್ಡ ಅಂಗಡಿಯಲ್ಲಿ ನೋಡಿ, ಬೆಲೆ ನೆನಪಿಟ್ಟುಕೊಂಡು, ಒಳಬೀದಿಯ ಕೆತ್ತುವವರ ಬಳಿ ಕೊಳ್ಳಿ. ದೊಡ್ಡ ಅಂಗಡಿಯ ಬೆಲೆಯಲ್ಲಿ ಕರೆತಂದವರ ಕಮಿಷನ್ನೂ ಸೇರಿರುತ್ತದೆ.

ಯೆಹೂದ್ಯರಿಗೆ ಪೂಜ್ಯವಾದ ರಾಹೇಲಳ ಸಮಾಧಿ ಬೆತ್ಲೆಹೇಮಿನ ಅಂಚಿನಲ್ಲೇ ಇದೆ, ಆದರೆ ಬೆತ್ಲೆಹೇಮಿನಿಂದ ನಡೆದು ಹೋಗುವಂತಿಲ್ಲ. ಇಸ್ರೇಲಿನ ತಡೆಗೋಡೆ ಅದನ್ನು ಸುತ್ತುವರಿದು ಆಚೆ ಬದಿಗೆ ಸೇರಿಸಿದೆ, ಜೆರುಸಲೇಮಿಗೆ ಮರಳಿ ಬೇರೆ ಬಸ್ಸು ಹಿಡಿಯಬೇಕು. ಹೆಬ್ರೋನಿನಲ್ಲಿ ಅಬ್ರಹಾಮನ ಸಮಾಧಿಯ ಕಟ್ಟಡ 1994ರ ಹತ್ಯಾಕಾಂಡದ ನಂತರ ಇಬ್ಭಾಗ: ಒಂದು ಬದಿ ಮಸೀದಿ, ಒಂದು ಬದಿ ಸಿನಗಾಗ್. ವರ್ಷದಲ್ಲಿ ಹತ್ತು ದಿನ ಇಡೀ ಕಟ್ಟಡ ಯೆಹೂದ್ಯರಿಗೆ, ಹತ್ತು ದಿನ ಮುಸ್ಲಿಮರಿಗೆ. ಆ ದಿನಗಳನ್ನು ನೋಡದೆ ಹೋದವರು ಬರಿಗೈಲಿ ಮರಳುತ್ತಾರೆ.

ಗಲಿಲಾಯದಲ್ಲಿ ಕ್ರಮ ಸರಿಯಿಟ್ಟರೆ ಕೆಲಸ ಸುಲಭ. ಬೆಳಿಗ್ಗೆ ಎಂಟಕ್ಕೆ ಅಷ್ಟಭಾಗ್ಯಗಳ ಬೆಟ್ಟ, ಏಕೆಂದರೆ ಮಧ್ಯಾಹ್ನ ಮುಚ್ಚುವುದು ಅದೇ. ಅಲ್ಲಿಂದ ಇಳಿದು ಯೇಸು ರೊಟ್ಟಿ ಮೀನು ಹೆಚ್ಚಿಸಿ ಹಂಚಿದ ನೆನಪಿನ ತಬ್ಗಾ ಚರ್ಚು, ರೊಟ್ಟಿ ಮೀನಿನ ಐದನೇ ಶತಮಾನದ ನೆಲಚಿತ್ರ ನೋಡಿ, ಕೆರೆದಡದ ಕಾಲುದಾರಿಯಲ್ಲಿ ಸುಮಾರು ಮೂರು ಕಿಲೋಮೀಟರ್ ನಡೆದರೆ ಕಪೆರ್ನೌಮ್. ಬೇಸಿಗೆಯಲ್ಲಿ ಈ ನಡಿಗೆ ಬೇಡ. ಕೆರೆ ಇರುವುದೇ ಸಮುದ್ರಮಟ್ಟಕ್ಕಿಂತ ಸುಮಾರು 210 ಮೀಟರ್ ಕೆಳಗೆ, ಸೆಕೆ ಕುದಿಯುತ್ತದೆ. ಕಪೆರ್ನೌಮಿನ ಬಿಳಿಕಲ್ಲಿನ ಸಿನಗಾಗಿನ ಬುಡ ನೋಡಿ: ಕೆಳಗೆ ಕಪ್ಪು ಬಸಾಲ್ಟ್ ತಳಹದಿ. ಮೇಲಿನದು ನಾಲ್ಕು-ಐದನೇ ಶತಮಾನದ್ದು, ಕೆಳಗಿನದು ಹಳೆಯದು. ಎಲ್ಲ ಕಡೆಗಿಂತ ಇಲ್ಲಿನ ಬಾಗಿಲಲ್ಲಿ ಉಡುಪಿನ ಬಗ್ಗೆ ಬಿಗಿ. ಭುಜ, ಮಂಡಿ ಮುಚ್ಚಿರಬೇಕು, ಚೀಲದಲ್ಲೊಂದು ತೆಳು ಶಾಲು ಇದ್ದರೆ ಸಮಸ್ಯೆಯೇ ಇಲ್ಲ.

ಜೋರ್ಡನ್ ನದಿಯಲ್ಲಿ ದೀಕ್ಷಾಸ್ನಾನಕ್ಕೆ ಎರಡು ಕಡೆ. ಕೆರೆಯಿಂದ ನದಿ ಹೊರಡುವಲ್ಲಿ ಯಾರ್ದೆನಿತ್: ನೀರು ತಿಳಿ, ಬಟ್ಟೆ ಬದಲಿಸುವ ಕೋಣೆ, ಬಾಡಿಗೆಗೆ ಬಿಳಿ ನಿಲುವಂಗಿ, ದೊಡ್ಡ ಅಂಗಡಿ. ಯೇಸುವಿಗೆ ದೀಕ್ಷಾಸ್ನಾನವಾದದ್ದೆಂದು ಪರಂಪರೆ ಹೇಳುವುದು ಅದಲ್ಲ, ಜೆರಿಕೋ ಬಳಿಯ ಕಸ್ರ್ ಅಲ್-ಯಹೂದ್. ಅಲ್ಲಿ ನೀರು ಕೆಸರು, ನದಿ ಕೆಲವೇ ಮೀಟರ್ ಅಗಲ, ನಡುವೆಯೇ ಜೋರ್ಡಾನ್ ದೇಶದ ಗಡಿ. ದಾರಿಯ ಎರಡೂ ಬದಿ ಬೇಲಿಯ ಮೇಲೆ ನೆಲಬಾಂಬಿನ ಎಚ್ಚರಿಕೆ ಫಲಕಗಳು, ಮೂತ್ರಕ್ಕೆಂದೂ ರಸ್ತೆ ಬಿಟ್ಟು ಇಳಿಯಬೇಡಿ. ಸಂಜೆ ಬಹಳ ಬೇಗ ಮುಚ್ಚುತ್ತದೆ, ಜೋರು ಮಳೆಯಾದರೆ ತೆರೆಯುವುದೇ ಇಲ್ಲ. ಎಲ್ಲೇ ಮುಳುಗಿದರೂ ಬಿಳಿ ನಿಲುವಂಗಿ ಒದ್ದೆಯಾದರೆ ಮೈಯೆಲ್ಲ ಕಾಣುತ್ತದೆ, ಒಳಗೆ ಗಾಢ ಬಣ್ಣದ ಈಜುಡುಪು ಹಾಕಿಕೊಳ್ಳಿ.

ಯಾವ ತಿಂಗಳು ಎಂಬ ಪ್ರಶ್ನೆಗೆ ಹಬ್ಬಗಳ ಲೆಕ್ಕ ಮೊದಲು. ಈಸ್ಟರ್ ಎರಡು: 2025ರಲ್ಲಿ ಎರಡೂ ಏಪ್ರಿಲ್ 20ಕ್ಕೇ ಬಿದ್ದವು, 2027ರಲ್ಲಿ ಪಾಶ್ಚಾತ್ಯರದು ಮಾರ್ಚ್ 28, ಆರ್ಥೊಡಾಕ್ಸರದು ಮೇ 2. ಆರ್ಥೊಡಾಕ್ಸ್ ಈಸ್ಟರಿನ ಹಿಂದಿನ ಶನಿವಾರ ಯೇಸುವಿನ ಸಮಾಧಿಯಿಂದ ಬೆಂಕಿ ತಂದು ಹಂಚುವ ಪವಿತ್ರ ಅಗ್ನಿಯ ದಿನ, ಪೊಲೀಸರು ಹಳೇ ಪಟ್ಟಣದ ದಾರಿಗಳನ್ನೇ ಕಟ್ಟಿಬಿಡುತ್ತಾರೆ. ಬೆತ್ಲೆಹೇಮಿನಲ್ಲಿ ಕ್ರಿಸ್ಮಸ್ ಮೂರು: ಡಿಸೆಂಬರ್ 25, ಜನವರಿ 7, ಅರ್ಮೇನಿಯನ್ನರದು ಜನವರಿ 19. ಯೆಹೂದ್ಯರ ಉಪವಾಸದ ದಿನವಾದ ಯೋಮ್ ಕಿಪ್ಪೂರಿನಂದು ವಿಮಾನ ನಿಲ್ದಾಣವೇ ಮುಚ್ಚುತ್ತದೆ. ಯೆಹೂದ್ಯರ ಲಾಗ್ ಬಓಮೆರ್ ಹಬ್ಬಕ್ಕೆ ಮೆರೋನ್ ಬೆಟ್ಟದ ಕಡೆ ಹೋಗದಿರುವುದು ಲೇಸು, 2021ರಲ್ಲಿ ಅಲ್ಲಿನ ಕಾಲ್ತುಳಿತಕ್ಕೆ 45 ಜನ ಸತ್ತರು.

ಗುರುಗಳ ಜೊತೆ ಹೋಗುವ ತಂಡಗಳು ಬಲಿಪೂಜೆಗೆ ಜಾಗ ಮತ್ತು ಹೊತ್ತನ್ನು ತಿಂಗಳುಗಳ ಮುಂಚೆ ಕಾಯ್ದಿರಿಸಬೇಕು. ಜಾಫಾ ಬಾಗಿಲ ಒಳಗಿನ ಕ್ರೈಸ್ತ ಮಾಹಿತಿ ಕೇಂದ್ರ ಆ ಕೆಲಸ ಮಾಡುತ್ತದೆ, ಗುರುಗಳು ತಮ್ಮ ಧರ್ಮಪ್ರಾಂತ್ಯದ ಗುರುತುಪತ್ರ ತರಬೇಕು. ವೀಸಾ ಬೇಡದ ದೇಶಗಳವರಿಗೂ 2025ರ ಜನವರಿಯಿಂದ 25 ಶೆಕೆಲಿನ (ಇಸ್ರೇಲಿನ ಹಣ) ಇಟಿಎ-ಐಎಲ್ ಎಂಬ ಮುಂಗಡ ಪ್ರವೇಶ ಅನುಮತಿ ಕಡ್ಡಾಯ. ಭಾರತೀಯ ಪಾಸ್‌ಪೋರ್ಟಿನವರಿಗೆ ಮುಂಚಿತ ವೀಸಾ ಬೇಕು. 2023ರ ಅಕ್ಟೋಬರಿನಲ್ಲಿ ಗಾಜಾ ಯುದ್ಧ ಶುರುವಾದಾಗಿನಿಂದ ವಿಮಾನಗಳೂ ತಪಾಸಣಾ ಠಾಣೆಗಳೂ ಯಾವಾಗ ನಿಲ್ಲುತ್ತವೋ ಹೇಳುವಂತಿಲ್ಲ. ಟಿಕೆಟ್ಟಿಗೆ ದುಡ್ಡು ಕಟ್ಟುವ ಮೊದಲು ಸರ್ಕಾರದ ಪ್ರಯಾಣ ಸೂಚನೆ ಓದಿ, ಪ್ರವಾಸ ವಿಮೆಯಲ್ಲಿ ಯುದ್ಧದ ಬಗ್ಗೆ ಏನು ಬರೆದಿದೆ ನೋಡಿ. ಬಹಳಷ್ಟು ವಿಮೆಗಳು ಯುದ್ಧವನ್ನು ಹೊರಗಿಡುತ್ತವೆ.

ವಾಪಸ್ ಹೊರಡುವಾಗ ವಿಮಾನದ ಹೊತ್ತಿಗೆ ಮೂರು ಗಂಟೆ ಮುಂಚೆ ಇರಿ. ಚೀಲ ಯಾರು ಕಟ್ಟಿದ್ದು, ಯಾರಾದರೂ ಏನಾದರೂ ಕೊಟ್ಟರಾ, ಎಲ್ಲೆಲ್ಲಿ ಹೋಗಿದ್ದಿರಿ ಎಂದು ನಿಧಾನವಾಗಿ ಕೇಳುತ್ತಾರೆ, ಇದ್ದದ್ದನ್ನು ಇದ್ದಂತೆ ಹೇಳಿದರೆ ಮುಗಿಯಿತು. ಜೋರ್ಡನ್ ನೀರು, ಅಭಿಷೇಕದ ಎಣ್ಣೆಯ ಬಾಟಲಿಗಳನ್ನು ಮುಚ್ಚಳಕ್ಕೆ ಟೇಪು ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಸಾಮಾನಿಗೆ ಹಾಕುವ ಪೆಟ್ಟಿಗೆಯ ನಡುವೆ ಬಟ್ಟೆಗಳ ಒಳಗಿಡಿ.